ಖಾಲಿ ಸೀಟುಗಳ ಲೆಕ್ಕ

ಕಂಡಕ್ಟರ್ ಅಸ್ಗರ್ ಎರಡು ಸಲ ಸೀಟಿ ಊದಿದರೂ ಹಂಪಣ್ಣ ಗೇರ್ ಹಾಕಲಿಲ್ಲ. ಕನ್ನಡಿಯಲ್ಲಿ ಮಗಳನ್ನೇ ನೋಡುತ್ತ ಕೂತಿದ್ದ. ಪ್ರಿಯದರ್ಶಿನಿ ಡ್ರೈವರ್ ಸೀಟಿನ ಹಿಂದೆ ಮೊಣಕಾಲೂರಿ, ಹಗ್ಗದಿಂದ ಬಿಗಿದಿದ್ದ ಗೀಟು ಹಾಕಿದ ಕ್ಯಾನಿನಲ್ಲಿ ಡೀಸೆಲ್ ಎಲ್ಲಿಗೆ ಇಳಿದಿದೆ ಎಂದು ನೋಡುತ್ತಿದ್ದಳು. ಅಳತೆಗೆಂದು ಆ ವಾರ ಬಸ್ಸಿನ ಇಂಜಿನ್ನು ಟ್ಯಾಂಕಿನ ಬದಲು ಆ ಕ್ಯಾನಿನಿಂದಲೇ ಡೀಸೆಲ್ ಕುಡಿಯುತ್ತಿತ್ತು. ಅವಳ ಚೂಡಿದಾರದ ತೋಳಿಗೆಲ್ಲ ಅದರ ವಾಸನೆ ಹತ್ತಿತ್ತು.

"ಆತೇನವ್ವಾ?"

"ಆತಪ್ಪಾ. ನಡಿ ಇನ್ನ."

ಶಿವಾಜಿನಗರಕ್ಕೆ ಹೋಗುವ ಆ ನಸುಕಿನ ಬಸ್ಸು ಕೆ.ಆರ್. ಪುರದಿಂದ ಹೊರಟಿತು. ಟಿನ್ ಫ್ಯಾಕ್ಟರಿಯ ಹತ್ತಿರ ಇನ್ನೂ ಬೀದಿದೀಪ ಉರಿಯುತ್ತಿತ್ತು. ಹಂಪಣ್ಣ ಆ ವಾರ ದಿನವೂ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಬರುತ್ತಿದ್ದ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಿದ್ದ, ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ ತುಳಿಯುತ್ತಿದ್ದ, ಬೋರ್ಡು ನೆಟ್ಟ ಕಡೆ ಬಿಟ್ಟು ಮತ್ತೆಲ್ಲೂ ನಿಲ್ಲಿಸುತ್ತಿರಲಿಲ್ಲ. ರಾಯಚೂರು ಸೀಮೆಯಿಂದ ಬಂದು ಈ ಊರಲ್ಲಿ ಬಸ್ಸು ಓಡಿಸುತ್ತಲೇ ಕೂದಲು ಬೆಳ್ಳಗಾಗಿದ್ದ ಅವನು, ತನ್ನ ಪಕ್ಕದಲ್ಲಿ ಯಾರೋ ಲೈಸೆನ್ಸಿನ ಪರೀಕ್ಷೆ ಮಾಡುವವರು ಕೂತಿದ್ದಾರೇನೋ ಎಂಬಂತೆ ಸ್ಟೀರಿಂಗ್ ಹಿಡಿದಿದ್ದ.

"ಈ ವಾರ ಗಾಡಿ ಭಾಳ ಖಾಲಿ ಮೇಡಂ," ಎಂದ ಅಸ್ಗರ್, ಅವಳ ಪಕ್ಕದ ಕಂಬಿಗೆ ಒರಗುತ್ತ. "ಇಲ್ದಿದ್ರೆ ಈ ಟ್ರಿಪ್ಪಲ್ಲಿ..."

"ಅಸ್ಗರ್, ಟಿಕೆಟ್ ಕೊಡು," ಎಂದಿತು ಮುಂದಿನಿಂದ ಹಂಪಣ್ಣನ ದನಿ.

"ಕೊಡೋಕೆ ಜನ ಎಲ್ಲಿದಾರೆ ಉಸ್ತಾದ್?" ಅಸ್ಗರ್ ನಕ್ಕು ಹಿಂದಕ್ಕೆ ಹೋದ. ಪ್ರಿಯದರ್ಶಿನಿ ಖಾಲಿ ಸೀಟುಗಳನ್ನು ಎಣಿಸಿ ಬರೆದುಕೊಂಡಳು.

ಅವಳು ಕೆಲಸ ಮಾಡುತ್ತಿದ್ದದ್ದು ಇಂದಿರಾನಗರದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ. ಆಗ ಹೊಸ ಶತಮಾನ ಶುರುವಾಗಿ ವರ್ಷವೋ ಎರಡು ವರ್ಷವೋ ಆಗಿತ್ತು. ಎರಡು ಸಾವಿರದ ಇಪ್ಪತ್ತರ ಹೊತ್ತಿಗೆ ಈ ನಗರದ ಜನ ಯಾವ ಯಾವ ವಾಹನದಲ್ಲಿ ಓಡಾಡುತ್ತಾರೆ, ಅದಕ್ಕೆ ಎಷ್ಟು ಪೆಟ್ರೋಲು, ಎಷ್ಟು ಡೀಸೆಲ್ಲು ಬೇಕಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಅಲ್ಲಿನ ಕೆಲಸ. ಬೇರೆಯವರು ಪರದೇಶದ ಪುಸ್ತಕಗಳಲ್ಲಿದ್ದ ಅಂಕಿಗಳನ್ನೇ ಎತ್ತಿ ಹಾಕುತ್ತಿದ್ದರು. ಒಂದು ಲೀಟರಿನಲ್ಲಿ ನಮ್ಮ ಬಸ್ಸು ಎಷ್ಟು ಜನರನ್ನು ಎಷ್ಟು ದೂರ ಒಯ್ಯುತ್ತದೆ ಎಂಬುದನ್ನು ಇಲ್ಲೇ ಅಳೆದು ನೋಡಬೇಕು ಎಂದು ಹಟ ಹಿಡಿದವಳು ಪ್ರಿಯದರ್ಶಿನಿ. ಅಪ್ಪನ ಬಸ್ಸಾದರೆ ಅನುಮತಿಯ ತೊಂದರೆ ಕಡಿಮೆ ಎಂದು ಅದನ್ನೇ ಆರಿಸಿಕೊಂಡಿದ್ದಳು. ಅವಳ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಮುಂದೆ ಊರೆಲ್ಲ ಕಾರು ಸ್ಕೂಟರು ತುಂಬಿಕೊಳ್ಳುವುದಕ್ಕೆ ಮುಂಚೆ, ಬಸ್ಸೇ ಲೇಸು ಎಂದು ಅಂಕಿಗಳ ಬಾಯಲ್ಲೇ ಹೇಳಿಸಬೇಕು.

ಅಂಕಿಗಳು ಮುಕ್ಕಾಲು ಪಾಲು ಹಾಗೆಯೇ ಹೇಳಿದವು. ನಸುಕಿನ ಟ್ರಿಪ್ಪು ಮಾತ್ರ ಬೇರೆ ಹೇಳಿತು. ಅಪ್ಪನ ಬಸ್ಸು ಲೀಟರಿಗೆ ಕೊಟ್ಟ ಮೈಲೇಜು ಯಾರೂ ನಿರೀಕ್ಷಿಸದಷ್ಟು ಚೆನ್ನಾಗಿತ್ತು, ಆದರೆ ಒಳಗೆ ಜನರಿರಲಿಲ್ಲ. ತಲೆಗೆ ಎಷ್ಟು ಡೀಸೆಲ್ಲು ಎಂಬ ಲೆಕ್ಕದಲ್ಲಿ ನೋಡಿದರೆ ಆ ಹೊತ್ತಿನ ಬಸ್ಸಿಗಿಂತ ಆಟೋನೇ ಮೇಲು. ಆ ಒಂದು ಸಂಖ್ಯೆಯನ್ನು ಹಳೇ ಮದ್ರಾಸ್ ರಸ್ತೆಯ ಎಲ್ಲ ನಸುಕಿನ ಟ್ರಿಪ್ಪುಗಳಿಗೂ ಹಾಕಿ, ಇಪ್ಪತ್ತು ವರ್ಷ ಮುಂದಕ್ಕೆ ಎಳೆದಾಗ ಪೋಲಾಗುವ ಡೀಸೆಲ್ಲಿನ ರಾಶಿ ಪರದೆಯ ಮೇಲೆ ಬೆಟ್ಟದಂತೆ ಎದ್ದು ನಿಂತಿತು. ಈ ಟ್ರಿಪ್ಪುಗಳನ್ನು ತೆಗೆದು, ಆ ಬಸ್ಸುಗಳನ್ನು ಆಫೀಸಿನ ಹೊತ್ತಿಗೆ ಓಡಿಸುವುದು ಒಳ್ಳೆಯದು ಎಂದು ವರದಿಯಲ್ಲಿ ಬರೆದವಳು ಅವಳೇ. ಸಂಸ್ಥೆಯ ಮುಖ್ಯಸ್ಥ ಚಂದ್ರಶೇಖರಯ್ಯನವರು ಆ ಪುಟವನ್ನು ಎರಡು ಸಲ ಓದಿ, "ಇದು ನೋಡಿ, ಅಳೆದು ಹೇಳೋ ಮಾತು ಅಂದ್ರೆ," ಎಂದಿದ್ದರು. ಅಂದು ಅವಳು ಹಲಸೂರಿನವರೆಗೆ ನಡೆದೇ ಹೋಗಿದ್ದಳು, ಅಷ್ಟು ಖುಷಿಯಾಗಿತ್ತು.

ವರದಿ ಸಾರಿಗೆ ಸಂಸ್ಥೆಗೆ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಟ್ರಿಪ್ಪು ನಿಂತಿತು. ಹಂಪಣ್ಣನನ್ನು ಬೇರೆ ರೂಟಿಗೆ ಹಾಕಿದರು. ಅಪ್ಪನಿಗೆ ಇನ್ನು ಮೇಲೆ ಬೆಳಗಿನ ನಿದ್ದೆಯಾದರೂ ಸಿಗುತ್ತದಲ್ಲ ಎಂದು ಪ್ರಿಯದರ್ಶಿನಿ ಸಮಾಧಾನಪಟ್ಟುಕೊಂಡಳು. ತನ್ನ ವರದಿಗೂ ಅದಕ್ಕೂ ಇರುವ ಸಂಬಂಧವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡಳು.

ಒಂದು ಭಾನುವಾರ ಶಿವಾಜಿನಗರಕ್ಕೆ ಹೋದವಳು ರಸೆಲ್ ಮಾರ್ಕೆಟ್ಟಿನ ಹೊರಗೆ ಸಾಬಮ್ಮನನ್ನು ಕಂಡಳು. ಸಾಬಮ್ಮ ಯಾದಗಿರಿ ಕಡೆಯವಳು. ಕೆ.ಆರ್. ಪುರದಲ್ಲಿ ಇವರ ಓಣಿಯಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಹತ್ತಿರದ ತೋಟಗಳಿಂದ ಸೊಪ್ಪು ತಂದು ಇಲ್ಲಿ ಮಾರುತ್ತಿದ್ದಳು. ಹೊತ್ತು ನೆತ್ತಿಗೆ ಬರುತ್ತಿತ್ತು. ಅವಳ ಮುಂದೆ ಗೋಣಿಚೀಲದ ಮೇಲೆ ಮೆಂತ್ಯ, ಸಬ್ಬಸಿಗೆ ಇನ್ನೂ ರಾಶಿ ಬಿದ್ದಿದ್ದವು. ಸಾಬಮ್ಮ ನೀರು ಚಿಮುಕಿಸುತ್ತಲೇ ಇದ್ದಳು.

"ಇಷ್ಟೊತ್ತಾದ್ರೂ ಖಾಲಿ ಆಗಿಲ್ಲೇನ್ ಚಿಗವ್ವ?"

"ಎಲ್ಲೀದವ್ವಾ. ಬಸ್ಸು ಬಂದ್ ಆತಲ್ಲ. ಟಿನ್ ಫ್ಯಾಕ್ಟರಿ ತನಕ ಬುಟ್ಟಿ ಹೊತ್ಕೊಂಡು ನಡದು, ಅಲ್ಲಿಂದ ನಾಕು ಮಂದಿ ಕೂಡಿ ಆಟೋದಾಗ ಬರ್ತೀವಿ. ನಾವು ಬರೂದ್ರಾಗ ಹೋಟೆಲ್ನವ್ರು ಬ್ಯಾರೆಯವ್ರ ಕಡೆ ತಗೊಂಡು ಹೋಗಿರ್ತಾರ."

"ಆದ್ರ ಆ ಬಸ್ಸಿನಾಗ ಜನಾನೇ ಇರ್ತಿರಲಿಲ್ಲಲ್ಲ. ನಾನೇ ಕುಂತು ನೋಡೀನಿ."

ಸಾಬಮ್ಮ ಸೆರಗಿನಿಂದ ಕೈ ಒರೆಸಿಕೊಂಡು ನಕ್ಕಳು. "ನೀ ಕುಂತಾಗ ಹ್ಯಾಂಗ ಇರ್ತಾರ? ನಿಮ್ಮಪ್ಪ ಮೊದ್ಲೇ ಬಂದು ಹೇಳಿದ್ದ. ಮಗಳು ನನ್ನ ಗಾಡಿ ಪರೀಕ್ಷಾ ಮಾಡಾಕತ್ಯಾಳ, ಬುಟ್ಟಿ ಭಾರಕ್ಕ ಡೀಸೆಲ್ ಹೆಚ್ಚು ತಿಂತೈತಿ, ನಡುನಡುವ ನಿಮಗ ನಿಂದರಿಸಿದ್ರ ಇನ್ನೂ ಹೆಚ್ಚು. ಇದೊಂದು ವಾರ ಬ್ಯಾರೆ ಗಾಡಿ ನೋಡ್ಕೊಳ್ರವ್ವಾ ಅಂದ. ನಾವೆಲ್ಲರೂ ಆಗ್ಲೇಳು ಅಂದ್ವಿ. ನಮ್ಮ ಓಣಿ ಹುಡುಗಿ, ಚಲೋ ಆಗ್ಲಿ ಅಂತ." ಮೆಂತ್ಯದ ಎರಡು ಕಟ್ಟು ತೆಗೆದು ಅವಳ ಚೀಲಕ್ಕೆ ಹಾಕಿ ಕೇಳಿದಳು: "ಚಲೋ ಆತಿಲ್ಲ, ನಿನ್ನ ಪರೀಕ್ಷಾ?"

"ಆತು ಚಿಗವ್ವ," ಎಂದಳು ಪ್ರಿಯದರ್ಶಿನಿ.

ಮರುದಿನ ಅವಳು ಚಂದ್ರಶೇಖರಯ್ಯನವರ ಮುಂದೆ ನಿಂತು ನಡೆದದ್ದೆಲ್ಲವನ್ನೂ ಹೇಳಿದಳು. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ತಂದೆಯವರನ್ನ ಏನಂತ ಅನ್ನೋದು, ಪ್ರಿಯಾ. ನಂದೂ ತಪ್ಪಿದೆ. ಒಂದೇ ಬಸ್ಸು, ಒಂದೇ ವಾರ, ನಾನಾದ್ರೂ ಕೇಳ್ಬೇಕಿತ್ತು," ಎಂದರು. "ಸಾರಿಗೆಯವರಿಗೆ ಪತ್ರ ನಾನೇ ಬರೀತೀನಿ. ನೀವು ಲೆಕ್ಕ ಸರಿಮಾಡಿ."

ಸರಿಮಾಡುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಆ ಟ್ರಿಪ್ಪಿನ ನಿಜವಾದ ಸಂಖ್ಯೆ ಬೇಕಿತ್ತು, ಓಡದ ಬಸ್ಸನ್ನು ಅಳೆಯುವುದು ಹೇಗೆ? ಚಂದ್ರಶೇಖರಯ್ಯನವರ ಪತ್ರಕ್ಕೆ ತಿಂಗಳುಗಳ ಮೇಲೆ ಸಾರಿಗೆ ಸಂಸ್ಥೆಯಿಂದ ಉತ್ತರ ಬಂತು. ಬಸ್ಸನ್ನು ಬೇರೆ ಕಡೆ ಕೊಟ್ಟಾಗಿದೆ, ಆ ಹೊತ್ತಿಗೆ ಪ್ರಯಾಣಿಕರಿದ್ದಾರೆ ಎಂಬುದಕ್ಕೆ ಆಧಾರ ಕಳಿಸಿದರೆ ಪರಿಶೀಲಿಸುತ್ತೇವೆ ಎಂದಿತ್ತು. ಪ್ರಿಯದರ್ಶಿನಿ ಶಾಲು ಹೊದ್ದು ಒಂದು ವಾರವಿಡೀ ನಸುಕಿನಲ್ಲಿ ಕೆ.ಆರ್. ಪುರದ ಸ್ಟಾಪಿನಲ್ಲಿ ನಿಂತಳು. ಹಾಲಿನ ಕ್ರೇಟು ಹೊತ್ತ ಟೆಂಪೋಗಳು ಹಾದುಹೋದವು. ಕೆಲಸಕ್ಕೆ ಹೊರಟ ಇಬ್ಬರು ಮೂವರು ಗಂಡಸರು ಬಂದರು, ಆಟೋ ಹತ್ತಿ ಹೋದರು. ಬುಟ್ಟಿಯ ಹೆಂಗಸರು ಬರಲಿಲ್ಲ. ಒಬ್ಬಿಬ್ಬರು ಊರಿಗೆ ಮರಳಿದ್ದರು. ಉಳಿದವರು ಅಲ್ಲಲ್ಲಿ ಮನೆಗೆಲಸ ಹಿಡಿದಿದ್ದರು. ಸಾಬಮ್ಮ ಕಮ್ಮನಹಳ್ಳಿಯ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ವಾರದ ಕೊನೆಗೆ ಪ್ರಿಯದರ್ಶಿನಿ ಕೈಯಲ್ಲಿದ್ದ ಹೊಸ ಸಂಖ್ಯೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದಳು. ಹೆಚ್ಚು ಕಡಿಮೆ ಅಷ್ಟೇ ಇತ್ತು. ಅವಳು ಬರೆದಿದ್ದ ಸುಳ್ಳು ಲೆಕ್ಕ ಈಗ ನಿಜವಾಗಿತ್ತು.

ಆ ಹಾಳೆಯನ್ನು ಕಳಿಸುವುದೋ ಬಿಡುವುದೋ ಎಂದು ಅವಳು ಬಹಳ ಯೋಚಿಸಿದಳು. ಕಳಿಸಲಿಲ್ಲ. ವರದಿಯ ಮುಂದಿನ ಮುದ್ರಣದಲ್ಲಿ ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಅಳತೆ ಸಾಮಾನ್ಯ ದಿನಗಳದ್ದಲ್ಲ ಎಂದು ಒಂದು ಸಾಲು ಸೇರಿಸಿದಳು. ಯಾರೂ ಅದರ ಬಗ್ಗೆ ಕೇಳಲಿಲ್ಲ.

ಹಂಪಣ್ಣ ನಿವೃತ್ತನಾಗುವ ಹಿಂದಿನ ಭಾನುವಾರ ಅಪ್ಪ ಮಗಳು ಊಟಕ್ಕೆ ಕೂತಿದ್ದರು. ಬಾಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಒಂದೊಂದೇ ತಂದು ಗಂಡನಿಗೂ ಮಗಳಿಗೂ ಹಾಕುತ್ತಿದ್ದಳು. ಹಂಪಣ್ಣ ಎಂದಿಗಿಂತ ನಿಧಾನವಾಗಿ ಉಣ್ಣುತ್ತಿದ್ದ.

"ಇಷ್ಟು ವರ್ಷ ಗಾಡಿ ಹೊಡದೆ," ಎಂದ. "ಆ ಬೆಳಗಿನ ಟ್ರಿಪ್ ಒಂದು ನನ್ನ ಮನಸಿಂದ ಹೋಗವಲ್ದು ನೋಡು. ಯಾವ ಪುಣ್ಯಾತ್ಮ ತಗದನೋ."

ಬಾಲಮ್ಮ, "ಉಣ್ಣುವಾಗ ಅದ್ಯಾಕ ಈಗ," ಎಂದಳು.

"ಅಲ್ಲ, ಪ್ರಿಯವ್ವಾ, ಒಂದು ಮಾತು ಕೇಳ್ತೀನಿ. ನೀ ಅಳತಿ ಮಾಡಿದ್ಯಲ್ಲ ಆ ವಾರ, ಅದು ಅವ್ರ ಕಣ್ಣಿಗೆ ಬಿದ್ದಿಲ್ಲೇನೋ. ಅಷ್ಟು ಕಡಿಮಿ ಡೀಸೆಲ್‌ನಾಗ ಯಾವ ಡ್ರೈವರ್ ಓಡಸ್ತಾನ? ಅದನ್ನ ನೋಡಿದ್ರ ಆ ಟ್ರಿಪ್ ತಗೀತಿದ್ದಿಲ್ಲ. ಒಮ್ಮೆ ಒಯ್ದು ತೋರಸ್ತೀ ಏನು?"

ಅವನು ಅವಳನ್ನೇ ನೋಡುತ್ತಿದ್ದ. ಪ್ರಿಯದರ್ಶಿನಿ ನೀರಿನ ಲೋಟ ಎತ್ತಿ ಕುಡಿದಳು.

"ತೋರಸ್ತೀನಪ್ಪಾ," ಎಂದಳು.

ಹಂಪಣ್ಣ ತಲೆಯಾಡಿಸಿದ. ಬಾಲಮ್ಮ ತಂದ ಬಿಸಿ ರೊಟ್ಟಿಯನ್ನು ಮಧ್ಯಕ್ಕೆ ಮುರಿದು, ದೊಡ್ಡ ತುಂಡನ್ನು ಮಗಳ ತಟ್ಟೆಗೆ ಹಾಕಿ, ಅದರ ಮೇಲೊಂದು ಚಮಚ ಬೆಣ್ಣೆ ಇಟ್ಟ. ಬೆಣ್ಣೆ ಕರಗಿ ರೊಟ್ಟಿಯ ಅಂಚಿನವರೆಗೆ ಹರಿಯಿತು. ಅವಳು ಕೈ ಹಾಕದೆ ಅದನ್ನು ನೋಡುತ್ತ ಕೂತಿದ್ದಳು.