ಶೀತಲ್ ಬರೆದಿಟ್ಟ ನಂಬರು

ಮುಂಬೈನ ಪವಾಯಿಯ ಆಫೀಸಿನ ಲ್ಯಾಬಿನಲ್ಲಿ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ನಂಜುಂಡ ಕಂಪ್ಯೂಟರಿನ ಮೂರನೇ ಖಾನೆಯ ಡಿಸ್ಕನ್ನು ಎಳೆದು ಬೇರೊಂದನ್ನು ಹಾಕಿದ. ಪರದೆ ಈಗಲೂ ಹಳೆಯ ಡಿಸ್ಕಿನ ನಂಬರನ್ನೇ ತೋರಿಸಿತು.

"ಥೂ!" ಎಂದು ಮೇಜು ಗುದ್ದಿದ.

ಹೋದ ತಿಂಗಳು ಪರೀಕ್ಷೆಯ ಡಿಸ್ಕು ಅಳಿಸಲು ಹೋಗಿ ಗ್ರಾಹಕರ ಡಿಸ್ಕೇ ಅಳಿಸಿಹೋಗಿತ್ತು. ಧಾರಾವಿಯಿಂದ ಬರುತ್ತಿದ್ದ, ಗುತ್ತಿಗೆ ಕೆಲಸದ ಶೀತಲ್ ಎರಡನ್ನೂ ಅದಲುಬದಲು ಮಾಡಿದಳೆಂದು ತೀರ್ಮಾನವಾಯಿತು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ನಂಜುಂಡನೇ.

"ಕಣ್ಣು ಎಲ್ಲಿಟ್ಟಿದ್ದೆ?"

"ನಂಬರ್ ಬರ್ಕೊಂಡೇ ಹಾಕೀನ್ರೀ ಸರ್. ಬುಕ್ ನೋಡ್ರಿ."

ಯಾರೂ ನೋಡಲಿಲ್ಲ. ಅಂದೇ ಅವಳ ಗೇಟ್ ಪಾಸ್ ಕಿತ್ತುಕೊಂಡರು.

ಇವತ್ತು ಡ್ರಾಯರಿನಲ್ಲಿ ಆ ನೋಟುಪುಸ್ತಕ ಸಿಕ್ಕಿತು. ಮೂರನೇ ಖಾನೆಗೆ ಗ್ರಾಹಕರದು, ಐದಕ್ಕೆ ಪರೀಕ್ಷೆಯದು, ಎದುರಿಗೆ ನಂಬರು, ಗಂಟೆ. ಎಲ್ಲವೂ ಸರಿಯಾಗಿತ್ತು. ಡಿಸ್ಕು ಹುಡುಕುವ ಕೋಡ್ ಮಾತ್ರ ಹೊಸದಾಗಿ ನಂಬರು ಕೇಳದೆ, ಹಳೆಯ ಪಟ್ಟಿ ನೋಡಿ ಖಾನೆ ಹಿಡಿಯುತ್ತಿತ್ತು. ಆ ಪಟ್ಟಿಯಲ್ಲಿ ಮೂರನೇ ಖಾನೆ ಇನ್ನೂ ಪರೀಕ್ಷೆಯ ಡಿಸ್ಕಿನದೇ ಆಗಿತ್ತು. ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದವನು ನಂಜುಂಡ.

ಕೋಡ್ ತಿದ್ದಿ, ಮ್ಯಾನೇಜರ್ ವಿಕ್ರಂನ ಎದುರು ನಿಂತ.

"ತಪ್ಪು ಅವಳದ್ದಲ್ಲ ಕಣಯ್ಯಾ, ನಂದು."

"ಅರೇ, ಜಾನೇ ದೋ, ಬಿಟ್ಬಿಡಿ ನಂಜುಂಡಣ್ಣ. ಕೆಲಸದವಳ ತಪ್ಪು ಅಂತ ಗ್ರಾಹಕರಿಗೆ ಬರೆದುಕೊಟ್ಟಾಗಿದೆ. ಈಗ ನಮ್ಮ ಕೋಡ್‌ದೇ ತಪ್ಪು ಅಂದ್ರೆ ನಮ್ಮ ಟೀಮೇ ಬಂದ್. ನಲವತ್ತು ಜನರ ನೌಕ್ರಿ. 'ಸಣ್ಣ ಸುಧಾರಣೆ' ಅಂತ ಬರೀರಿ, ಬಸ್, ಅಷ್ಟು ಸಾಕು."

"ಅವಳ ನೌಕರಿ?"

"ಅವಳು ಕಾಂಟ್ರ್ಯಾಕ್ಟ್ ಅಲ್ವಾ?"

ನಂಜುಂಡ ಶೀತಲ್‌ಗೆ ಫೋನ್ ಮಾಡಿದ. ಆ ಕಡೆ ಹೊಲಿಗೆ ಯಂತ್ರಗಳ ಸದ್ದು.

"ತಪ್ಪು ನಿಂದಲ್ಲಮ್ಮ. ನಂದು."

"ಅದು ನಂಗ ಅವತ್ತೇ ಗೊತ್ತಿತ್ರೀ, ನಂದಲ್ಲಂತ. ಎರಡು ಆಫೀಸಿನವ್ರು ನಿಮ್ಮಲ್ಲಿ ಕೇಳಿ, ನನ್ನ ಬ್ಯಾಡಂದ್ರು. ಈಗ ಬ್ಯಾಗಿಗೆ ಜಿಪ್ ಹಚ್ಚಾಕತ್ತೀನಿ. ಫೋನ್ ಇಡ್ಲೇನ್ರಿ? ಮಾಲಕ್ ನೋಡಾಕತ್ತಾನ," ಎಂದಳು.

ಅವನು ತನ್ನ ಮೇಜಿಗೆ ಮರಳಿ ಕೋಡಿನ ಟಿಪ್ಪಣಿಯಲ್ಲಿ ಬರೆದ: 'ಹಳೆಯ ತಪ್ಪು ನನ್ನದು. ಶೀತಲ್ ಬರೆದಿಟ್ಟ ನಂಬರುಗಳಿಂದ ಪತ್ತೆಯಾಯಿತು.'

ಹತ್ತು ನಿಮಿಷದಲ್ಲಿ ವಿಕ್ರಂ ಆ ಎರಡೂ ಸಾಲು ಅಳಿಸಿದ. ನಂಜುಂಡ ಮತ್ತೆ ಬರೆದ. ಅದೂ ಹೋಯಿತು.

ಮೂರನೇ ಸಲ ಅಲ್ಲಿ ಬರೆಯಲಿಲ್ಲ. ನೋಟುಪುಸ್ತಕದ ಪುಟದ ಫೋಟೊ ತೆಗೆದು, ಅದೇ ಎರಡು ಸಾಲಿನೊಂದಿಗೆ ನೇರವಾಗಿ ಗ್ರಾಹಕರಿಗೇ ಕಳಿಸಿದ. ಶೀತಲ್ ಇದರಿಂದ ವಾಪಸ್ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೊರಳಿನ ಗೇಟ್ ಪಾಸನ್ನು ಯಾರೂ ಕಿತ್ತುಕೊಳ್ಳುವ ಮೊದಲೇ ಬಿಚ್ಚಿ, ಅವಳ ನೋಟುಪುಸ್ತಕದ ಮೇಲಿಟ್ಟು, ತಣ್ಣಗಾದ ಡಬ್ಬಿ ತೆರೆದ.