ಕಲ್ಲಿದ್ದಲು ಹೊತ್ತವಳ ಹೆಜ್ಜೆ

ಮೊಣಕಾಲು ಕಟಕ್ ಅನ್ನುವುದು ಯಾರಿಗೂ ಕೇಳಬಾರದು. ಮಲ್ಲಕ್ಕನಿಗೆ ಈಚೆಗೆ ಇದೊಂದೇ ಚಿಂತೆ. ಗೋರೆಗಾಂವ್‌ನ ಸೌಂಡ್ ಸ್ಟುಡಿಯೋ ಒಂದರಲ್ಲಿ ಅವಳು ಕಸ ಗುಡಿಸಿ ನೆಲ ಒರೆಸುವವಳು. ಹೋದ ತಿಂಗಳು ಅವಳ ಜೊತೆಗಾರ ದೂಜನಿಗೆ ಬೆನ್ನು ಹಿಡಿದುಕೊಂಡಿತು ನೋಡಿ, ಮ್ಯಾನೇಜರ್ ಮನೀಶ್ ಅಂದೇ ಅವನನ್ನು ಕೆಲಸದಿಂದ ತೆಗೆದ. ಎಂಟು ವರ್ಷ ದುಡಿದವನಿಗೆ ಒಂದು ಲೋಟ ಚಹಾ ಕೊಟ್ಟಾದರೂ ಕಳಿಸಬಾರದೇ, ಪುಣ್ಯಾತ್ಮ! ಅಂದಿನಿಂದ ಮಲ್ಲಕ್ಕ ಮೆಟ್ಟಿಲು ಹತ್ತುವಾಗ ಬೇಕೆಂದೇ ಬಕೆಟ್ ಸದ್ದು ಮಾಡುತ್ತಾಳೆ.

ಬಾಗಲಕೋಟೆ ಕಡೆಯಿಂದ ಬಂದವಳು, ಇಪ್ಪತ್ತು ವರ್ಷ ಈ ಊರಿನ ಬಿಲ್ಡಿಂಗುಗಳಿಗೆ ಕಾಂಕ್ರೀಟು ಹೊತ್ತಿದ್ದಳು. ಮೊಣಕಾಲು ಸವೆದದ್ದು ಅಲ್ಲೇ.

ಅಂದು ಒಳಗೆ ನವೀನ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಘಾಟ್ಕೋಪರ್‌ನಲ್ಲಿ ಹುಟ್ಟಿ ಬೆಳೆದ ಉಡುಪಿ ಕಡೆಯವನು. ನೂರು ವರ್ಷದ ಹಿಂದಿನ ಮೂಕಿ ಚಿತ್ರವೊಂದಕ್ಕೆ ಸದ್ದು ಕೂಡಿಸುವ ಕೆಲಸ ಅವನದು. ಚಿತ್ರದ ತುಂಬ ಉಗಿಬಂಡಿ. ಛುಕ್‌ಛುಕ್ ಸದ್ದಿಗೆ ಮಲ್ಲಕ್ಕನ ಕಸಬರಿಗೆಯನ್ನೇ ತಗಡಿಗೆ ಉಜ್ಜಿದ್ದ, ಅದು ಚೆನ್ನಾಗಿಯೇ ಹೊಂದಿತ್ತು. ಹೊಂದದ್ದು ಒಂದೇ: ಕಲ್ಲಿದ್ದಲಿನ ಬುಟ್ಟಿ ಹೊತ್ತು, ಹಲಗೆ ಏರಿ ಎಂಜಿನ್ನಿಗೆ ಸುರಿಯುವ ಹೆಂಗಸರ ಬರಿಗಾಲಿನ ಹೆಜ್ಜೆ. ಬೆಳಗಿನಿಂದ ತಾನೇ ಹಲಗೆಯ ಮೇಲೆ ನಡೆದು ನಡೆದು ಸುಸ್ತಾಗಿದ್ದ.

"ತಮ್ಮಾ, ಅದು ಖಾಲಿ ತಲಿ ನಡಿಗಿ," ಎಂದುಬಿಟ್ಟಳು ಮಲ್ಲಕ್ಕ. "ಹೊರಿ ಹೊತ್ತಾಕಿ ಹಂಗ ತಪತಪ ನಡ್ಯಾಂಗಿಲ್ಲ. ಹಿಮ್ಮಡ ಊರತಾಳ."

"ಆಂಟಿ, ನೀವೇ ಮಾಡ್ತೀರಾ? ಪ್ಲೀಸ್, ಏಕ್ ಬಾರ್."

ಈ ಬಾಯಿಗೊಂದು ಬೀಗ ಇಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಇಲ್ಲ ಅನ್ನಬೇಕೆಂದೇ ಇದ್ದಳು. ಆದರೆ ಪರದೆಯ ಮೇಲೆ, ಸಾಲಿನ ಕೊನೆಯವಳು ಸೆರಗು ಹಲ್ಲಿನಲ್ಲಿ ಕಚ್ಚಿ ಎಡಗಾಲು ಎಳೆಯುತ್ತಿದ್ದಳು. ಮಲ್ಲಕ್ಕ ಬಕೆಟ್ ಕೆಳಗಿಟ್ಟಳು. ಸಿಂಬಿ ಸುತ್ತಿ, ಮೂಲೆಯ ಮರಳಿನ ಚೀಲವನ್ನು ತಲೆಗೇರಿಸಿಕೊಂಡು ಹಲಗೆ ಹತ್ತಿದಳು. ಮುಗಿಯಿತು ಅನ್ನುವಷ್ಟರಲ್ಲಿ ಮೊಣಕಾಲು ಕಟಕ್ ಎಂದಿತು.

ಮೈಕಿಗೆ ಅದು ಕೇಳದೆ ಇರುತ್ತದೆಯೇ? ನವೀನ ಹೆಡ್‌ಫೋನ್ ಸರಿಸಿ ಅವಳ ಮುಖ ನೋಡಿದ, ಆಮೇಲೆ ಕಾಲು ನೋಡಿದ. ಹೆಡ್‌ಫೋನ್ ಮತ್ತೆ ಏರಿಸಿಕೊಂಡು ಕೆಲಸಕ್ಕೆ ತಿರುಗಿದ. ಅವಳು ಚೀಲ ಇಳಿಸಿ, ಬಕೆಟ್ ಹಿಡಿದು ಹೊರಗೆ ಬಂದಳು.

ಸಂಜೆ ಮನೀಶ್ ಕೆಲಸ ನೋಡಲು ಬಂದ. ಮಲ್ಲಕ್ಕ ಬಾಗಿಲ ಬಳಿ ನೆಲ ಒರೆಸುತ್ತಿದ್ದಳು. ದೊಡ್ಡ ಸ್ಪೀಕರಿನಲ್ಲಿ ಹೆಜ್ಜೆಗಳು ಬಂದವು, ಹಿಂದೆಯೇ ಅವಳ ಎಲುಬೂ ಕಟಕ್ ಎಂದಿತು.

"ರುಕ್! ಯೇ ಆವಾಜ್ ಕಿಸ್ಕಾ ಹೈ?" ಎಂದ ಮನೀಶ್. ಇದು ಯಾರ ಸದ್ದು ಎಂದು ಹುಡುಕುತ್ತ ಅವನ ಕಣ್ಣು ಕೋಣೆಯೆಲ್ಲ ಸುತ್ತಿತು. ಮಲ್ಲಕ್ಕ ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದಳು. ಮುಗಿಯಿತು, ನಾಳೆಯಿಂದ ಮನೆಯೇ ಗತಿ ಅಂದುಕೊಂಡಳು.

ನವೀನ ಪರದೆಯ ಮೇಲಿನ ಕೊನೆಯ ಹೆಂಗಸಿನತ್ತ, ಮೊಣಕಾಲು ಕೆಟ್ಟವಳು ಅವಳೇ ಎಂಬಂತೆ, ಬೆರಳು ತೋರಿಸಿದ. "ಇಸ್ಕಾ. ಘುಟನಾ ಖರಾಬ್ ಹೈ ಬೇಚಾರಿ ಕಾ."

ಮನೀಶ್ ಕ್ಷಣ ಹೊತ್ತು ಪರದೆಯವಳ ಎಳೆಯುವ ಕಾಲು ನೋಡಿದ. "ಬಹುತ್ ಬಢಿಯಾ. ರಖೋ," ಎಂದು, ಆ ಸದ್ದನ್ನು ಹಾಗೇ ಉಳಿಸಲು ಹೇಳಿ ಹೊರಟುಹೋದ.

ಮಲ್ಲಕ್ಕ ಗೋಡೆಗೆ ಒರಗಿದಳು. ಉಳಿದೆನೆಂಬ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

"ಅಲ್ಲs ಯವ್ವಾ," ಎಂದಳು ಪರದೆಯವಳಿಗೆ, ಮೆಲ್ಲಗೆ. "ಅಷ್ಟು ಇದ್ದಲಾ ಹೊತ್ತಿ. ಮ್ಯಾಲ ನನ್ನ ಮೊಣಕಾಲನ್ನೂ ನಿನ್ನ ತಲಿಗೇ ಕಟ್ಟಿದ್ವಲ್ಲs."

ಆಮೇಲೆ ಬಕೆಟ್ ಎತ್ತಿಕೊಂಡು, ಢಣಢಣ ಸದ್ದು ಮಾಡುತ್ತ, ಮೇಲಿನ ಮಹಡಿ ಒರೆಸಲು ಹೋದಳು.