ಮೂರಕ್ಕೂ ಐದಕ್ಕೂ ನಡುವೆ

ಫೋನು ಮೂರನೆಯ ಸಲ ಅದೇ ಪ್ರಶ್ನೆ ಕೇಳಿತು: ನಿಮ್ಮ ಎಲ್ಲ ಫೋಟೋಗಳನ್ನು ನೋಡಲು ಅನುಮತಿ ಕೊಡುವಿರಾ? ಗ್ರಂಥಪಾಲಕಿ ಮೂರನೆಯ ಸಲವೂ ‘ಇಲ್ಲ’ ಎಂಬುದನ್ನೇ ಒತ್ತಿದಳು.

“ಇಲ್ಲ ಅಂದ್ರೆ ಅದು ಮುಂದಕ್ಕೇ ಹೋಗಲ್ಲ ಮೇಡಂ,” ಎಂದಳು ಪಕ್ಕದಲ್ಲಿ ಕೂತಿದ್ದ ಕಂಪ್ಯೂಟರ್ ಟೀಚರ್. ಶಾಲೆಗೆ ಸೇರಿ ಎರಡು ವರ್ಷವಾಗಿದ್ದವಳು. ಯಾರಿಗೆ ಏನು ಹೇಳಿಕೊಡುವಾಗಲೂ ತಾಳ್ಮೆ ಕೆಡದ ಹೆಣ್ಣು, ಇವತ್ತು ಮಾತ್ರ ಆ ತಾಳ್ಮೆ ಸ್ವಲ್ಪ ಅಲುಗಾಡುತ್ತಿತ್ತು.

“ನಾನು ಹಾಕೋದು ಹತ್ತು ಫೋಟೋ. ಅದಕ್ಕೆ ಎಲ್ಲಾನೂ ಯಾಕೆ ನೋಡ್ಬೇಕು? ಪೇಪರ್ ಹಾಕೋನು ಬಂದು ಬೀರು ಬೀಗದಕೈ ಕೇಳಿದ ಹಾಗಾಯ್ತು.”

“ಅದು ಸುಮ್ನೆ ಕೇಳತ್ತೆ ಮೇಡಂ. ಎಲ್ಲರನ್ನೂ ಕೇಳತ್ತೆ.”

“ಸುಮ್ನೆ ಯಾರೂ ಏನೂ ಕೇಳಲ್ಲಮ್ಮ.”

ಕಡೆಗೆ ಕಂಪ್ಯೂಟರ್ ಟೀಚರ್, ಆರಿಸಿದ ಫೋಟೋಗಳನ್ನಷ್ಟೇ ತೋರಿಸುವ ದಾರಿಯೊಂದನ್ನು ಹುಡುಕಿಕೊಟ್ಟಳು. ಆಲ್ಬಮ್ ತೆರೆದುಕೊಂಡಿತು. ಅದಕ್ಕೊಂದು ಲಿಂಕ್ ಹುಟ್ಟಿತು. ಅದನ್ನು ಶಿಕ್ಷಕರ ಗುಂಪಿಗೆ ಕಳಿಸಿದರೆ ಎಲ್ಲರೂ ತಮ್ಮಲ್ಲಿರುವ ಫೋಟೋಗಳನ್ನು ಅಲ್ಲಿ ಹಾಕಬಹುದು, ಎಲ್ಲರೂ ನೋಡಬಹುದು, ಅಳಿಸುವ ಅಧಿಕಾರ ಮಾತ್ರ ಆಲ್ಬಮ್ ತೆರೆದವರಿಗೆ. ಇಡೀ ವ್ಯವಸ್ಥೆಯಲ್ಲಿ ಗ್ರಂಥಪಾಲಕಿಗೆ ಸರಿಯೆನಿಸಿದ್ದು ಈ ಕೊನೆಯ ಮಾತೊಂದೇ.

ಅವಳ ಗ್ರಂಥಾಲಯ ಮೊದಲ ಮಹಡಿಯ ತುದಿಯಲ್ಲಿದ್ದ ಉದ್ದನೆಯ ಕೋಣೆ. ಆರು ಸಾವಿರದ ನಾನೂರು ಚಿಲ್ಲರೆ ಪುಸ್ತಕಗಳು. ಮಕ್ಕಳು ಪುಸ್ತಕ ಹಿಂದಿರುಗಿಸಿದರೆ ಮೊದಲು ಅದನ್ನು ತಲೆಕೆಳಗು ಮಾಡಿ ಕೊಡವುವಳು, ಹಾಳೆ ಬಿದ್ದರೆ ಅಲ್ಲೇ ವಿಚಾರಣೆ. ಕೋಣೆಗೆ ಬೀಗ ಹಾಕುವ ಮುಂಚೆ ಕತ್ತರಿಗಳನ್ನು ಎಣಿಸುವಳು. ಕಂದು ಕಾಗದದ ಹೊದಿಕೆ ಹಾಕುವುದರಲ್ಲಂತೂ ಅವಳ ಕೈ ಬೇರೆಯೇ. ಪುಸ್ತಕದ ಬೆನ್ನಿನ ಮೇಲೆ, ನಂಬರಿನ ಚೀಟಿ ಇರುವ ಜಾಗದಲ್ಲಿ, ಬೆರಳಗಲದ ಒಂದು ಕಿಟಕಿ ಕತ್ತರಿಸುವಳು. ಹೊದಿಕೆಯೂ ಇರಬೇಕು, ನಂಬರೂ ಕಾಣಬೇಕು. ಮುಚ್ಚಿಟ್ಟದ್ದನ್ನು ನಂಬುವ ಜಾಯಮಾನವೇ ಅವಳದಲ್ಲ.

ಆದ್ದರಿಂದಲೇ ಮುಖ್ಯೋಪಾಧ್ಯಾಯಿನಿ ಈ ಕೆಲಸ ಒಪ್ಪಿಸಿದಾಗ ಅವಳಿಗೆ ಅನುಮಾನ ಬಂದಿತ್ತು. “ಶುಕ್ರವಾರ ಧೂಳಣ್ಣ ರಿಟೈರ್ ಆಗ್ತಿದ್ದಾರೆ. ಅವರಿರೋ ಫೋಟೋ ಎಲ್ಲ ಒಂದೇ ಕಡೆ ಸೇರಿಸಿ, ಹಾಲ್‌ನಲ್ಲಿ ತೋರ್ಸೋಣ. ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಲ್ಲ.” ಹೊಗಳಿಕೆಯೊಳಗೆ ಏನೋ ಇದೆ ಎಂದು ಅವಳಿಗೆ ಆಗಲೇ ಅನಿಸಿತು. ತಾನೂ ಧೂಳಣ್ಣನೂ ಮೂರು ವರ್ಷದಿಂದ ಮಾತು ಬಿಟ್ಟಿರುವುದು ಶಾಲೆಯ ಗೋಡೆಗೂ ಗೊತ್ತು.

ಧೂಳಣ್ಣ ಎಂಬುದು ಮಕ್ಕಳಿಟ್ಟ ಹೆಸರು. ಹತ್ತೊಂಬತ್ತು ವರ್ಷ ಗ್ರಂಥಾಲಯದ ಅಟೆಂಡರಾಗಿ, ಹೆಗಲ ಮೇಲೊಂದು ಬಟ್ಟೆ ಹಾಕಿಕೊಂಡು ಒಂದೊಂದೇ ಪುಸ್ತಕ ತೆಗೆದು ಒರೆಸಿ ಇಟ್ಟವನು. ಅವನು ಒರೆಸಿದ ಸಾಲನ್ನು ಗ್ರಂಥಪಾಲಕಿ ಮತ್ತೆ ನೋಡುತ್ತಿರಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಮಾತು.

ಮೂರು ವರ್ಷದ ಹಿಂದೆ, ಪುಸ್ತಕಗಳ ವಾರ್ಷಿಕ ಎಣಿಕೆಯಲ್ಲಿ, ಹತ್ತು ಸಂಪುಟಗಳ ವಿಶ್ವಕೋಶದಲ್ಲಿ ನಾಲ್ಕನೆಯದು ಇರಲಿಲ್ಲ. ಮಕ್ಕಳಿಗೆ ಕೊಡುವ ಪುಸ್ತಕವಲ್ಲ ಅದು. ಕೋಣೆಯ ಬೀಗದಕೈ ಇದ್ದದ್ದು ಇಬ್ಬರ ಹತ್ತಿರ. ತಾನು ತೆಗೆದಿಲ್ಲ. ಇನ್ನುಳಿದವನು ತಲೆ ಕೆರೆದುಕೊಂಡು, “ಅದನ್ನ ನಾನು ಎಲ್ಲೋ ನೋಡಿದೀನಿ ಮೇಡಂ,” ಎಂದ. ಎಲ್ಲಿ ಎಂದು ಕೇಳಿದರೆ ನೆನಪಿಲ್ಲ ಎಂದ. ಆ ಒಂದು ಮಾತು ಅವನಿಗೆ ಮುಳುವಾಯಿತು. ಶಿಕ್ಷಕರ ಸಭೆಯಲ್ಲಿ ಅವಳು ಎದ್ದು ನಿಂತು, “ಎಲ್ಲೋ ನೋಡಿದೋರಿಗೆ ಎಲ್ಲಿ ಅಂತಲೂ ಗೊತ್ತಿರತ್ತೆ,” ಎಂದಳು. ಮಾರನೆಯ ವಾರ ಧೂಳಣ್ಣನನ್ನು ಗೇಟಿನ ಕಾವಲಿಗೆ ಹಾಕಿದರು. ಅವಳು ರಿಜಿಸ್ಟರಿನಲ್ಲಿ ಆ ಸಂಪುಟದ ನಂಬರು 2207ರ ಎದುರು ‘ಕಳೆದಿದೆ’ ಎಂದು ಬರೆದಳು. ಮೂರಕ್ಕೂ ಐದಕ್ಕೂ ನಡುವಿನ ಜಾಗವನ್ನು ಮುಚ್ಚಲು ಮಾತ್ರ ಬಿಡಲಿಲ್ಲ. ಬಂದವರ ಕಣ್ಣಿಗೆ ಬೀಳಲಿ ಎಂದು ಪುಸ್ತಕಗಳು ಒರಗದಂತೆ ಎರಡೂ ಕಡೆ ತಗಡಿನ ಆಸರೆ ಕೊಟ್ಟು ಹಾಗೇ ಉಳಿಸಿಕೊಂಡಳು.

ಬುಧವಾರದ ಹೊತ್ತಿಗೆ ಆಲ್ಬಮ್ ತುಂಬತೊಡಗಿತು. ಆಟದ ಮೈದಾನದಲ್ಲಿ ಧೂಳಣ್ಣ, ಗಂಟೆ ಬಾರಿಸುವ ಧೂಳಣ್ಣ, ಗೇಟಿನ ಪಕ್ಕದ ಕುರ್ಚಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡ ಧೂಳಣ್ಣ. ಗ್ರಂಥಪಾಲಕಿ ಹಾಜರಿ ಪಟ್ಟಿ ಮುಂದಿಟ್ಟುಕೊಂಡು, ಯಾರು ಯಾರು ಸೇರಿದ್ದಾರೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಶಾಲೆಯಲ್ಲಿ ಶಿಕ್ಷಕರು ಮೂವತ್ತೊಂದು. ಆಲ್ಬಮ್‌ನಲ್ಲಿ ಮೂವತ್ತೆರಡು ಮಂದಿ.

ಮೂವತ್ತೆರಡನೆಯವರಿಗೆ ಹೆಸರಿರಲಿಲ್ಲ. ಮುಖದ ಜಾಗದಲ್ಲಿ ಬೂದು ಬಣ್ಣದ ಒಂದು ಬೋಳು ತಲೆ, ಕೆಳಗೆ ‘ಅತಿಥಿ’ ಎಂಬ ಮಾತು. ಈ ಅತಿಥಿ ಹಾಕಿದ್ದೆಲ್ಲ ಗ್ರಂಥಾಲಯದ್ದೇ ಫೋಟೋಗಳು. ಮುದ್ರಿಸಿದ ಹಳೆಯ ಫೋಟೋಗಳನ್ನು ಮೇಜಿನ ಮೇಲಿಟ್ಟು ಮತ್ತೆ ತೆಗೆದವು. ಒಂದರಲ್ಲಿ ಕಿಟಕಿ ಬಳಿಯ ಓದುವ ಮೇಜು, ಒಂದರಲ್ಲಿ ವಿಶ್ವಕೋಶದ ಹತ್ತೂ ಸಂಪುಟ ಹಲ್ಲು ಬೀಳದ ಬಾಯಿಯಂತೆ ಸಾಲಾಗಿ ನಿಂತಿದ್ದವು. ಅದನ್ನು ನೋಡಿ ಅವಳ ಮೈ ಉರಿಯಿತು. ಯಾರೋ ಬೇಕೆಂದೇ ಕೆಣಕುತ್ತಿದ್ದಾರೆ.

ಗುಂಪಿನಲ್ಲಿ ಬರೆದಳು: “ಹೆಸರಿಲ್ಲದೆ ಸೇರಿಕೊಂಡವರು ಯಾರು? ಸಂಜೆಯೊಳಗೆ ತಿಳಿಸತಕ್ಕದ್ದು.” ಉತ್ತರವಾಗಿ ಏಳು ಹೆಬ್ಬೆರಳು, ನಾಲ್ಕು ನಗುಮುಖ ಬಂದವು. ವಿಜ್ಞಾನದ ಮೇಷ್ಟ್ರು, “ದೆವ್ವ ಇರಬೇಕು ಮೇಡಂ,” ಎಂದು ಬರೆದರು. ಅವಳು ಅವರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಗುರುವಾರ ಸಂಜೆ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು ಮತ್ತೆ ಆಲ್ಬಮ್ ತೆಗೆದಳು. ಎದುರಿಗೆ ಗಂಡ ಬಟಾಣಿ ಸುಲಿಯುತ್ತಿದ್ದ.

“ಇನ್ನೂ ಸಿಕ್ಕಿಲ್ವಾ ಕಳ್ಳ?”

“ಸಿಗ್ತಾನೆ. ಎಲ್ಲಿಗೆ ಹೋಗ್ತಾನೆ?”

“ನೀನು ಕನ್ನಡಿ ಮುಂದೆ ನಿಂತರೂ ಗುರುತಿನ ಚೀಟಿ ಕೇಳೋಳು ಕಣೆ,” ಎಂದ ಗಂಡ. ಅವಳು ನಗಲಿಲ್ಲ. ಅತಿಥಿ ಈಗ ತಾನೇ ಇನ್ನೊಂದು ಫೋಟೋ ಹಾಕಿದ್ದ.

ಶಾಲೆಯ ಹಾಲ್. ವಾರ್ಷಿಕೋತ್ಸವದ ತೋರಣ. ನಡುವಿನ ಮೇಜಿನ ಮೇಲಿನ ಹಳೆಯ, ಭಾರದ ಪ್ರೊಜೆಕ್ಟರನ್ನು ಧೂಳಣ್ಣ ಎರಡೂ ಕೈಯಿಂದ ಎತ್ತಿ ಹಿಡಿದಿದ್ದಾನೆ, ಬೆಳಕು ಕಣ್ಣಿಗೆ ಹೊಡೆಯದಂತೆ ಮುಖ ಆಚೆ ತಿರುಗಿಸಿದ್ದಾನೆ. ಒಬ್ಬ ಹೆಂಗಸು ಬಾಗಿ, ಅದರ ಕೆಳಗೆ ಕಂದು ಕಾಗದದ ಒಂದು ಕಟ್ಟನ್ನು ತೂರಿಸುತ್ತಿದ್ದಾಳೆ. ಹೆಂಗಸಿನ ಮುಖ ಕಾಣುವುದಿಲ್ಲ. ಕೈಗಡಿಯಾರ ಕಾಣುತ್ತದೆ, ಮುಳ್ಳುಗಳು ಒಳಮಣಿಕಟ್ಟಿನ ಕಡೆಗೆ.

ಗ್ರಂಥಪಾಲಕಿ ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಆಮೇಲೆ ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿದಳು. ಕಟ್ಟಿನ ಬೆನ್ನಿಗೆ ಬೆರಳಗಲದ ಕಿಟಕಿ. ಕಿಟಕಿಯಲ್ಲಿ ಅವಳದೇ ಕೈಬರಹ: 4, ಅದರ ಕೆಳಗೆ 2207.

ಎಲ್ಲ ಒಟ್ಟಿಗೆ ನೆನಪಾಯಿತು. ವಾರ್ಷಿಕೋತ್ಸವದ ಅತಿಥಿಗಳು ಮೆಟ್ಟಿಲು ಹತ್ತುತ್ತಿದ್ದರು, ಚಿತ್ರ ಗೋಡೆಯ ಕಾಲಿಗೆ ಬೀಳುತ್ತಿತ್ತು, ಕೆಳಗಿಡಲು ಏನಾದರೂ ಬೇಕು ಬೇಕು ಎಂದು ಎಲ್ಲರೂ ಕೂಗುತ್ತಿದ್ದರು. ಓಡಿಹೋಗಿ ಗ್ರಂಥಾಲಯದ ಮೇಜಿನ ಮೇಲಿದ್ದದ್ದನ್ನು, ಆಗಷ್ಟೇ ಹೊದಿಕೆ ಹಾಕಿ ಮುಗಿಸಿದ್ದನ್ನು, ಎತ್ತಿಕೊಂಡು ಬಂದಿದ್ದಳು. ಆಮೇಲೆ ಬರೆದುಕೊಂಡರಾಯಿತು ಎಂದುಕೊಂಡಿದ್ದಳು. ಎಣಿಕೆ ನಡೆದದ್ದು ಏಳು ತಿಂಗಳ ಬಳಿಕ. ಹೊದಿಕೆಯ ಕಿಟಕಿಯಿದ್ದ ಬದಿ ಗೋಡೆಯ ಕಡೆಗೆ, ಪ್ರೊಜೆಕ್ಟರಿನ ಬೆಳಕಿನಡಿ ಇತ್ತು. ಆ ಕಡೆಯಿಂದ ಯಾರೂ ಕಣ್ಣು ಬಿಟ್ಟು ನೋಡುವಂತಿರಲಿಲ್ಲ.

ಫೋಟೋದ ಅಂಚಿನಲ್ಲಿ, ಮುದ್ರಿತ ಹಾಳೆಯನ್ನು ಒತ್ತಿ ಹಿಡಿದಿದ್ದ ಒಂದು ಹೆಬ್ಬೆರಳು ಬಂದಿತ್ತು. ಅರ್ಧ ಉಗುರಿನ ಹೆಬ್ಬೆರಳು. ಉಳಿದರ್ಧ ಗ್ರಂಥಾಲಯದ ಕಬ್ಬಿಣದ ಬೀರುವಿನ ಬಾಗಿಲಿಗೆ ಸಿಕ್ಕಿ ಹೋದದ್ದು. ಅವತ್ತು ಬಟ್ಟೆ ಸುತ್ತಿ ಕಟ್ಟಿದವಳು ಅವಳೇ.

ಕಂಪ್ಯೂಟರ್ ಟೀಚರಿಗೆ ಫೋನು ಹಚ್ಚಿದಳು. “ಧೂಳಣ್ಣನಿಗೆ ಲಿಂಕ್ ಕೊಟ್ಟಿದ್ದು ನೀನಾ?”

“ಹೌದು ಮೇಡಂ. ಅವರ ಮಗಳು ತನ್ನ ಹಳೇ ಫೋನ್ ಕೊಟ್ಟಿದ್ದಾಳಂತೆ. ಅವರದ್ದೇ ಆಲ್ಬಮ್ ತಾನೇ ಅಂತ ಕೊಟ್ಟೆ. ತಪ್ಪಾಯ್ತಾ?”

“ಇಲ್ಲಮ್ಮ,” ಎಂದು ಇಟ್ಟಳು.

ಅವನಿಗೆ ಗೊತ್ತಿದ್ದೇ ಹಾಕಿದ್ದಾನೆಯೇ? ನಾಳೆ ಎಲ್ಲರ ಮುಂದೆ ಗೋಡೆಯ ಮೇಲೆ ಬರಲಿ, ಇವಳ ಮುಖಕ್ಕೆ ಮಸಿ ಬಳಿಯಲಿ ಎಂದೇ? ಅಥವಾ ಅಂಗೈಯಗಲದ ಹಳೆಯ ಫೋಟೋದಲ್ಲಿ ಆ ನಂಬರು ಅವನಿಗೆ ಕಂಡೇ ಇಲ್ಲವೇ? ಮೊದಲನೆಯದು ನಿಜವಾಗಲಿ ಎಂದು ಅವಳು ಆಸೆಪಟ್ಟಳು. ಅವನು ಸೇಡು ತೀರಿಸಿಕೊಳ್ಳುತ್ತಿದ್ದರೆ ತಾನು ಸ್ವಲ್ಪ ಹಗುರಾಗಬಹುದಿತ್ತು.

ಫೋಟೋದ ಮೂಲೆಯ ಚುಕ್ಕಿಗಳನ್ನು ಒತ್ತಿದಳು. ಎಲ್ಲರಿಗೂ ಅಳಿಸಬೇಕೆ, ಎಂದು ಕೇಳಿತು ಫೋನು. ಈ ಸಲ ಪ್ರಶ್ನೆಯಲ್ಲಿ ಅವಳಿಗೆ ಯಾವ ಮೋಸವೂ ಕಾಣಲಿಲ್ಲ. ಒಂದು ಸಲ ಒತ್ತಿದರೆ ಮುಗಿಯಿತು. ಹಾಲ್‌ನಲ್ಲಿ ಆ ಕಟ್ಟು ಇದ್ದಲ್ಲೇ ಇರುತ್ತದೆ, ಧೂಳಣ್ಣ ನಾಳೆ ಮನೆಗೆ ಹೋಗುತ್ತಾನೆ, ಇನ್ನು ಕೇಳುವವರು ಯಾರು?

“ಯಾಕೆ, ಮುಖ ಹಿಂಗಾಯ್ತು?” ಎಂದ ಗಂಡ.

ಅವಳ ರಿಜಿಸ್ಟರಿನಲ್ಲಿ ಅಳಿಸುವ ಪದ್ಧತಿಯೇ ಇರಲಿಲ್ಲ. ತಪ್ಪು ಬರೆದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಸಹಿ. ಬಿಳಿ ಬಳಿದು ತಿದ್ದಿದ ಹಿಂದಿನ ಗುಮಾಸ್ತೆಯೊಬ್ಬಳನ್ನು ಅವಳು ಬೈದು ಅಳಿಸಿಬಿಟ್ಟಿದ್ದಳು. ಈಗ ಅವಳಿಗೇ ನಾಚಿಕೆಯಾಯಿತು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಬಟಾಣಿ ಸುಲಿಯಲು ಕೂತಳು.

ಶುಕ್ರವಾರ ಬೇಗ ಹೋದಳು. ಗೇಟಿನಲ್ಲಿ ಧೂಳಣ್ಣ ಎಂದಿನಂತೆ ಕುರ್ಚಿಯಿಂದ ಎದ್ದು ನಿಂತ. ಮೂರು ವರ್ಷವೂ ಹಾಗೇ ಎದ್ದಿದ್ದ, ಅವಳು ಹಾಗೇ ಮುಖ ತಿರುಗಿಸಿಕೊಂಡು ಹೋಗಿದ್ದಳು. ಇವತ್ತು ನಿಂತಳು. ಬಾಯಿ ತೆರೆದಳು. ಆದರೆ ಆ ಮಾತನ್ನು ಇಲ್ಲಿ, ಇಬ್ಬರೇ ಇರುವಾಗ, ಹೇಳಿ ಕೈ ತೊಳೆದುಕೊಳ್ಳುವುದು ಸರಿಯೆನಿಸಲಿಲ್ಲ. ಅವತ್ತು ಅವನ ಮೇಲೆ ತಪ್ಪು ಹೊರಿಸಿದ್ದು ಎಲ್ಲರೆದುರು.

“ಇವತ್ತು ಬಿಸಿಲು ಜಾಸ್ತಿ,” ಎಂದಳು.

“ಹೂಂ ಮೇಡಂ,” ಎಂದ ಧೂಳಣ್ಣ.

ಹಾಲ್‌ನಲ್ಲಿ ಯಾರೂ ಇರಲಿಲ್ಲ. ಪ್ರೊಜೆಕ್ಟರಿನ ಒಂದು ಬದಿಯನ್ನು ಭುಜದಿಂದ ಎತ್ತಿ ಕಟ್ಟನ್ನು ಎಳೆದುಕೊಂಡಳು. ರಬ್ಬರ್ ಕಾಲುಗಳು ಊರಿ ಊರಿ ಹೊದಿಕೆಯ ಮೇಲೆ ಗುಳಿ ಬಿದ್ದಿತ್ತು. ಕಾಗದ ಬಿಚ್ಚಿ ಐವತ್ತೊಂದನೆಯ ಪುಟ ತೆಗೆದಳು. ಯಾರಿಗೂ ಹೇಳದೆ ಪ್ರತಿ ಪುಸ್ತಕದಲ್ಲೂ ಅವಳು ಶಾಲೆಯ ಮುದ್ರೆ ಒತ್ತುತ್ತಿದ್ದ ಪುಟ ಅದು. ಮುದ್ರೆ ಇತ್ತು. ಕಡೆಯ ಕ್ಷಣದವರೆಗೂ ಅದು ಬೇರೆ ಪುಸ್ತಕವಾಗಿರಲಿ ಎಂದು ಅವಳು ಕಾದಿದ್ದಳು.

ಮಧ್ಯಾಹ್ನ ಹಾಲ್ ತುಂಬಿತು. ಧೂಳಣ್ಣನನ್ನು ಮುಂದಿನ ಸಾಲಿನ ಕುಶನ್ ಕುರ್ಚಿಯಲ್ಲಿ ಕೂರಿಸಿದ್ದರು. ಅವನು ಅದರ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಏಳಬೇಕಾದೀತು ಎಂಬಂತೆ ಕೂತಿದ್ದ. ಗ್ರಂಥಪಾಲಕಿ ಮೂರನೆಯ ಸಾಲಿನಲ್ಲಿದ್ದಳು. ತೊಡೆಯ ಮೇಲೆ ರಿಜಿಸ್ಟರು, ಅದರ ಮೇಲೆ ಬಟ್ಟೆಯ ಚೀಲ.

ದೀಪ ಆರಿಸಿದರು. ಆಲ್ಬಮ್ ಗೋಡೆಯ ಮೇಲೆ ಬಂತು. ಗೋಡೆಯ ಮೇಲೆ ಎನ್ನುವುದಕ್ಕಿಂತ ಗೋಡೆಯ ಕಾಲಿಗೆ ಎನ್ನಬೇಕು. ಮಕ್ಕಳ ತಲೆಗಳು ನೆಲದ ಮೇಲೆ ಹರಿದವು, ಧೂಳಣ್ಣನ ಅರ್ಧ ದೇಹ ವೇದಿಕೆಯ ಕೆಳಗೆ ಹೋಯಿತು. ಕಂಪ್ಯೂಟರ್ ಟೀಚರ್ ಗುಂಡಿಗಳನ್ನು ತಿರುಗಿಸಿ ಸೋತಳು.

“ಅದರ ಕೆಳಗೆ ಒಂದು ಕಟ್ಟು ಇರ್ತಿತ್ತಲ್ಲ, ಎಲ್ಲಿ ಹೋಯ್ತು?” ಎಂದರು ಮುಖ್ಯೋಪಾಧ್ಯಾಯಿನಿ.

ಗ್ರಂಥಪಾಲಕಿ ಎದ್ದು ನಿಂತಳು.

“ನನ್ನ ಹತ್ರ ಇದೆ. ಅದು ಕಟ್ಟಲ್ಲ, ವಿಶ್ವಕೋಶದ ನಾಲ್ಕನೇ ಸಂಪುಟ. ಅಲ್ಲಿಟ್ಟಿದ್ದು ನಾನೇ. ಬರ್ಕೊಂಡಿರಲಿಲ್ಲ, ಮರೆತುಬಿಟ್ಟೆ. ತಪ್ಪನ್ನ ಇವರ ಮೇಲೆ ಹಾಕಿದೆ.”

ಪ್ರೊಜೆಕ್ಟರಿನೊಳಗಿನ ಫ್ಯಾನು ಮಾತ್ರ ಗುಯ್ಗುಡುತ್ತಿತ್ತು. ವಿಜ್ಞಾನದ ಮೇಷ್ಟ್ರು ತಮ್ಮ ಬೂಟು ನೋಡಿಕೊಂಡರು. ಅವಳು ಸಾಲು ದಾಟಿ ನಡುವಿನ ಮೇಜಿನ ತನಕ ಬಂದು ಚೀಲದಿಂದ ಪುಸ್ತಕ ತೆಗೆದಳು. ಅಷ್ಟರಲ್ಲಿ ಧೂಳಣ್ಣ ಕುಶನ್ ಕುರ್ಚಿಯಿಂದ ಎದ್ದು ಬಂದಿದ್ದ. ಯಾರೂ ಹೇಳದೆ, ಎರಡೂ ಕೈಯಿಂದ ಪ್ರೊಜೆಕ್ಟರನ್ನು ಎತ್ತಿ ಹಿಡಿದ. ಚಿತ್ರ ನೆಲದಿಂದ ಎದ್ದು ಗೋಡೆ ಹತ್ತಿ ತನ್ನ ಜಾಗದಲ್ಲಿ ನಿಂತಿತು.

“ನಿಮಗೆ ಗೊತ್ತಿತ್ತಾ ಅಣ್ಣಾ?” ಎಂದಳು ಅವಳು, ಅವನಿಗಷ್ಟೇ ಕೇಳುವಂತೆ.

ಧೂಳಣ್ಣ ಬೆಳಕಿನಿಂದ ಮುಖ ಆಚೆ ತಿರುಗಿಸಿದ್ದ.

“ಮೊದಲು ಬರ್ಕೊಳ್ಳಿ ಮೇಡಂ,” ಎಂದ. “ಅಲ್ಲೀತನಕ ನಾನು ಹಿಡ್ಕೊಂಡಿರ್ತೀನಿ.”

ಅವಳು ಮೇಜಿನ ಅಂಚಿಗೆ ರಿಜಿಸ್ಟರನ್ನು ಊರಿ, ಅದೇ ಬೆಳಕಿನಲ್ಲಿ ಪುಟ ತಿರುವಿ, 2207ರ ಸಾಲು ಹುಡುಕಿದಳು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲು ಇನ್ನೊಂದು ಕೈ ಖಾಲಿಯಿರಲಿಲ್ಲ, ಹಲ್ಲಿನಿಂದ ಕಚ್ಚಿ ತೆಗೆದಳು. ಎದುರಿನ ಗೋಡೆಯ ಮೇಲೆ, ಈಗ ಬಂದ ಧೂಳಣ್ಣನ ಹಳೆಯ ಫೋಟೋದಲ್ಲಿ, ವಿಶ್ವಕೋಶದ ಹತ್ತು ಸಂಪುಟಗಳು ಸಾಲಾಗಿ ನಿಂತು, ಅವನ ಕೈಯ ಜೊತೆಗೆ ಸಣ್ಣಗೆ ನಡುಗುತ್ತಿದ್ದವು.